ಕ್ಯಾಪ್ಟನ್‌ಗೆ ಬಂದ ನೆಗಡಿ

"ಅಕ್ಕಾ, ನಿನ್ನ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸ್ತಿದೆ. ಎಲ್ಲಿದ್ದೀಯ?"

"ಕಾರಿನ ಸೀಟಿನ ಕೆಳಗೆ."

"ಮತ್ತೆ ಶುರು ಮಾಡಿದ್ಯಾ?"

ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ, ಮೂತಿ ಜಜ್ಜಿಹೋದ ಬೂದು ಬಣ್ಣದ ಕಾರಿನೊಳಗೆ ಜಿಗಣೆ ಬೋರಲಾಗಿ ಬಿದ್ದಿದ್ದಳು. ಕಾಲುಗಳು ಬಾಗಿಲಿನಿಂದ ಆಚೆ ಚಾಚಿದ್ದವು. ಬಲಗೈ ಪಕ್ಕದ ಸೀಟಿನ ಅಡಿಯಲ್ಲಿ ತಡಕಾಡುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಫೋನಿನಿಂದ ತಮ್ಮನ ಮಾತೂ, ಅವನ ಇಸ್ತ್ರಿಪೆಟ್ಟಿಗೆಯ ಬುಸುಬುಸು ಸದ್ದೂ ಒಟ್ಟಿಗೇ ಬರುತ್ತಿದ್ದವು.

ವಿಮಾ ಕಂಪನಿಯಲ್ಲಿ ಅಪಘಾತದ ಕಾರುಗಳನ್ನು ಪರೀಕ್ಷಿಸುವ ಸರ್ವೇಯರ್ ಆಗಿದ್ದಾಗ ಗ್ಯಾರೇಜಿನವರು ಇಟ್ಟ ಹೆಸರು ಜಿಗಣೆ. ಹಿಡಿದರೆ ಬಿಡುವುದಿಲ್ಲ ಅಂತ. ಆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರು ಮಾಡಿದರೂ ಹೆಸರು ಮಾತ್ರ ಅವಳನ್ನು ಬಿಡಲಿಲ್ಲ. ಈಗ ಅದನ್ನು ಬಿರುದು ಅಂತಲೇ ತಿಳಿದುಕೊಂಡಿದ್ದಳು.

"ಇನ್ನೊಂದ್ಸಲ ಹೇಳು ಪುಟ್ಟ. ನೆಲದ ಮೇಲೆ ಓಡಾಡೋರಿಗೆ ಅರ್ಥ ಆಗೋ ಹಾಗೆ ಹೇಳು. ಪೈಲಟ್ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ಅಂತಿಟ್ಕೋ. ಕಾರಿಗೂ ವಿಮಾನಕ್ಕೂ ಏನು ಸಂಬಂಧ?"

ಪುಟ್ಟ ಎನ್ನುವವನು ಆರಡಿ ಎತ್ತರದ ಕೋ-ಪೈಲಟ್. ವಿಮಾನದಲ್ಲಿ ಕ್ಯಾಪ್ಟನ್‌ನ ಪಕ್ಕದ ಸೀಟಿನಲ್ಲಿ ಕೂರುವವನು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿ ಓದಿಸಿದ ಅಕ್ಕನ ಬಾಯಲ್ಲಿ ಅವನು ಇನ್ನೂ ಪುಟ್ಟನೇ.

"ಪೈಲಟ್‌ಗೆ ಎರಡು ಬೇಕು ಅಕ್ಕ. ಒಂದು ಲೈಸೆನ್ಸು, ಓಡಿಸೋಕೆ ಬರುತ್ತೆ ಅನ್ನೋದಕ್ಕೆ. ಇನ್ನೊಂದು ಮೆಡಿಕಲ್ಲು, ಓಡಿಸೋ ಮೈ ಮನಸ್ಸು ನೆಟ್ಟಗಿದೆ ಅನ್ನೋದಕ್ಕೆ. ಮೆಡಿಕಲ್ ಹೋಯ್ತು ಅಂದ್ರೆ ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ಬಹುದು ಅಷ್ಟೆ. ಕುಡಿದು ಕಾರು ಓಡಿಸಿದ ಕೇಸು ಬಿತ್ತು ಅಂದ್ರೆ ತಾನಾಗೇ ಹೋಗಿ ಹೇಳ್ಬೇಕು. ಮುಚ್ಚಿಟ್ರೆ ಅದು ಕುಡಿದಿದ್ದಕ್ಕಿಂತ ದೊಡ್ಡ ತಪ್ಪು. ಹೇಳಿದ್ಮೇಲೆ ಹಾರೋದು ಬಂದ್. ರಕ್ತ ಪರೀಕ್ಷೆ, ಮನೋವೈದ್ಯರು, ಒಂದು ಗುಟುಕೂ ಮುಟ್ಟಿಲ್ಲ ಅಂತ ತಿಂಗಳುಗಟ್ಟಲೆ ತೋರಿಸೋದು. ಚಟ ಇಲ್ಲ ಅಂತ ಡಾಕ್ಟರ್‌ಗಳ ಮಂಡಳಿಗೆ ನಂಬಿಕೆ ಬಂದ್ರೆ ವಾಪಸ್ ಕೊಡ್ತಾರೆ."

"ಅಂದ್ರೆ ಕಥೆ ಮುಗೀತು ಅಂತಲ್ಲ."

"ಅಯ್ಯೋ, ಅಲ್ಲ. ನೆಗಡಿ ಅಂದ್ಕೋ."

ಜಿಗಣೆಗೆ ಸೀಟಿನ ಕೆಳಗಿದ್ದರೂ ನಗು ಬಂತು. ನೆಗಡಿ ಅವನ ಬಾಲ್ಯದ ಮಾತು. ಗಣಿತದಲ್ಲಿ ನಪಾಸಾದಾಗ, ಕಿಟಕಿಯ ಗಾಜು ಒಡೆದಾಗ, ಅಪ್ಪ ಬೆಲ್ಟು ಹಿಡಿದು ನಿಂತಾಗ, ಎಲ್ಲದಕ್ಕೂ ಅವನು ಅವಳ ಕಿವಿಯಲ್ಲಿ ಹೇಳುತ್ತಿದ್ದುದು ಅದೊಂದೇ: ನೆಗಡಿ ಅಷ್ಟೆ ಅಕ್ಕ, ಹೋಗುತ್ತೆ. ಎಷ್ಟೇ ದೊಡ್ಡ ತೊಂದರೆಯಾದರೂ ಮೂಗು ಒರೆಸಿಕೊಂಡರೆ ಮುಗಿಯಿತು ಅನ್ನುವ ಧೈರ್ಯ ಅವನದು. ಮನೆಯಲ್ಲಿ ಆ ಮಾತು ಹೀಗೆ ಬಳಕೆಯಲ್ಲಿತ್ತು. ಹೊರಗಿನವರಿಗೆ ಹೇಳಿದರೆ ಕಷಾಯ ಮಾಡಿಕೊಡುತ್ತಿದ್ದರು.

"ಮೂಗು ಸೋರುತ್ತೆ, ಮಾನ ಹೋಗುತ್ತೆ, ಸ್ವಲ್ಪ ದಿನ ಜನ ದೂರ ಕೂರ್ತಾರೆ. ಆಮೇಲೆ ವಾಸಿ," ಅಂದ ಪುಟ್ಟ. "ವಾಸಿ ಆಗದೇ ಇರೋವು ಬೇರೆ ಇವೆ."

"ಈ ಕ್ಯಾಪ್ಟನ್ ನಿನಗೆ ಗೊತ್ತಾ?"

ಇಸ್ತ್ರಿಯ ಬುಸುಬುಸು ನಿಂತಿತು.

"ದೂರದಿಂದ ನಮಸ್ಕಾರ ಅಷ್ಟೆ. ಜೊತೆಗೆ ಹಾರಿಲ್ಲ. ಯಾಕೆ, ಏನಾದ್ರೂ ಸಿಕ್ತಾ?"

ಅದೇ ಗಳಿಗೆಯಲ್ಲಿ ಜಿಗಣೆಯ ಬೆರಳಿಗೆ ತಣ್ಣಗಿನ ಲೋಹವೊಂದು ತಗುಲಿತು. ಸೀಟಿನ ಹಳಿಯ ಸಂದಿನಲ್ಲಿ ಸಿಕ್ಕಿಕೊಂಡಿದ್ದುದನ್ನು ಉಗುರಿನಿಂದ ಕೆದಕಿ ಎಳೆದಳು. ವಿಸ್ಕಿ ಬಾಟಲಿಯ ಮುಚ್ಚಳ. ಸೀಲು ಒಡೆದಾಗ ಹರಿಯುವ ತೆಳು ಪಟ್ಟಿ ಇನ್ನೂ ಅದಕ್ಕೆ ಜೋತುಬಿದ್ದಿತ್ತು.

"ಏನೂ ಇಲ್ಲ ಕಣೋ. ಬರೀ ಧೂಳು," ಅಂದಳು. ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ. ಸಿಕ್ಕಿದ್ದನ್ನು ಯಾರಿಗೂ ಹೇಳದಿರುವುದು ಕಸುಬಿನ ಅಭ್ಯಾಸ.

"ಹಾಗಾದ್ರೆ ಬಿಟ್ಬಿಡು. ಕುಡಿದ, ಗುದ್ದಿದ. ಇದರಲ್ಲಿ ಪತ್ತೆ ಮಾಡೋದು ಏನಿದೆ?"

ಪತ್ತೆ ಮಾಡುವುದು ಬೇಕಾದಷ್ಟಿತ್ತು. ಫೋನು ಇಟ್ಟು, ಮೈ ಕೊಡವಿಕೊಂಡು ಹೊರಗೆ ಬಂದಳು. ಹೋದ ವಾರ ಒಂದು ಸಂಜೆ ಕ್ಲಬ್ಬಿನಿಂದ ಮನೆಗೆ ಹೊರಟ ಕ್ಯಾಪ್ಟನ್ ದೀಪದ ಕಂಬಕ್ಕೆ ಗುದ್ದಿದ್ದರು, ಪೊಲೀಸರು ಬಂದಾಗ ವಿಸ್ಕಿಯಿಂದ ಗಬ್ಬು ನಾರುತ್ತಿದ್ದರು. ಅಷ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಆ ರಸ್ತೆಯಲ್ಲಿ ಬ್ರೇಕು ಒತ್ತಿದ ಗುರುತೇ ಇರಲಿಲ್ಲ. ಕ್ಲಬ್ಬಿನ ಬಾರಿನವನು ನಿಂಬೆ ಸೋಡಾ ಬಿಟ್ಟು ಇನ್ನೇನೂ ಕೊಟ್ಟಿಲ್ಲ ಅಂತ ಆಣೆ ಹಾಕುತ್ತಿದ್ದ.

ಅಂಗಳದ ಮೂಲೆಯಲ್ಲಿ ಕಾರು ಎಳೆದು ತಂದ ಲಾರಿಯ ಡ್ರೈವರ್ ಟೀ ಹೀರುತ್ತಿದ್ದ. ಜಿಗಣೆ ಅವನ ಎದುರು ಹೋಗಿ ನಿಂತಳು.

"ಎಳೆಯೋವಾಗ ಏನಾದ್ರೂ ತೊಂದರೆ ಆಯ್ತಾ ಅಣ್ಣ?"

"ತೊಂದರೆನಾ? ಹ್ಯಾಂಡ್‌ಬ್ರೇಕು ಕಿತ್ತು ಕೈಗೆ ಬರೋ ಹಾಗೆ ಎಳೆದಿಟ್ಟಿದ್ರು ಮೇಡಂ. ಹಿಂದಿನ ಚಕ್ರ ತಿರುಗ್ಲೇ ಇಲ್ಲ. ಇಂಜಿನ್ ಆಫು, ಲೈಟು ಆಫು, ಬೀಗದ ಕೈ ಕೂಡ ತೆಗೆದು ಮುಂದೆ ಇಟ್ಟಿದ್ರು. ಕುಡುಕರು ಇಷ್ಟು ಶಿಸ್ತಾಗಿ ಗುದ್ದಿದ್ದು ನಾನು ನೋಡೇ ಇಲ್ಲ."

ಜಿಗಣೆ ಮುಚ್ಚಳವನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಒಂದು ಕಡೆ ನಿಲ್ಲಲಾಗಲಿಲ್ಲ. ಕಾರಿನ ಸುತ್ತ ಎರಡು ಸುತ್ತು ಹಾಕಿ, ಹಿಂದಿನ ಸೀಟಿನ ಕಡೆ ಇನ್ನೊಮ್ಮೆ ಬಗ್ಗಿ ನೋಡಿದಳು. ಬಾಟಲಿಯ ಖಾಲಿ ರಟ್ಟಿನ ಪೆಟ್ಟಿಗೆ ಅಲ್ಲೇ ಇತ್ತು. ಅದರ ಬಾಯಿಯ ರಟ್ಟಿನ ಕಿವಿಯನ್ನು ಯಾರೋ ಅಚ್ಚುಕಟ್ಟಾಗಿ ಮಡಿಸಿ ಒಳಗೆ ಸಿಕ್ಕಿಸಿದ್ದರು.

*

ಕ್ಯಾಪ್ಟನ್ ಮನೆಯ ಬಾಗಿಲು ತೆಗೆದವರು ಅವರ ಹೆಂಡತಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವರು. ಜಿಗಣೆಯನ್ನು ಈ ಕೆಲಸಕ್ಕೆ ಹಚ್ಚಿದವರೂ ಅವರೇ.

"ಸಿಕ್ತಾ ಮೇಡಂ?" ಅಂದರು, ಒಳಗೆ ಬನ್ನಿ ಅನ್ನುವುದಕ್ಕೂ ಮೊದಲು.

"ನಿಮ್ಮ ಅನುಮಾನ ಸರಿ. ನಿಮ್ಮ ಯಜಮಾನರು ಗುದ್ದೋವಾಗ ಕುಡಿದಿರಲಿಲ್ಲ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಣ್ಣಲ್ಲಿ ನೀರು ತುಂಬಿತು, ಅದರ ಹಿಂದೆಯೇ ನಗುವೂ ಬಂತು.

"ನಾನು ಹೇಳಿರಲಿಲ್ವಾ! ಆಸ್ಪತ್ರೇಲಿ ಎರಡು ಸಲ ರಕ್ತ ತೆಗೆದ್ರು. ಮೊದಲನೇದಕ್ಕಿಂತ ಎರಡನೇದರಲ್ಲಿ ಮದ್ಯ ಜಾಸ್ತಿ. ಸಂಜೆಯೆಲ್ಲ ಕೂತು ಕುಡಿದವರದ್ದು ಅಷ್ಟೊತ್ತಿಗೆ ಇಳೀಬೇಕು, ಇವರದ್ದು ಏರ್ತಿತ್ತು. ಅಂದ್ರೆ ಆಗ ತಾನೇ ಹೊಟ್ಟೆಗೆ ಬಿದ್ದಿದೆ. ಇನ್‌ಸ್ಪೆಕ್ಟರ್ ಹತ್ರ ಹೇಳಿದ್ರೆ, ಮಷೀನಿನ ತಪ್ಪಿರಬೇಕು ಅಮ್ಮಾ, ಮನೆಗೆ ಹೋಗಿ ಅಂದ. ನನ್ನ ಎರಡನೇ ವರ್ಷದ ಮಕ್ಕಳಿಗೂ ಗೊತ್ತಾಗುತ್ತೆ ಅದು."

"ನೋವಿಗೆ ಕುಡಿದಿರ್ತಾರೆ," ಅಂತ ಆಕೆ ತಾವೇ ಮುಂದುವರಿಸಿದರು. "ಗುದ್ದಿದ ಮೇಲೆ, ಗಾಬರಿಗೆ. ಅಲ್ವಾ? ನಾಳೆ ಬೆಳಗ್ಗೆ ಡಾಕ್ಟರ್‌ಗಳ ಮಂಡಳಿ ಮುಂದೆ ಹಾಜರಾಗ್ಬೇಕು. ನೀವು ಬಂದು ಇದನ್ನ ಹೇಳಿಬಿಟ್ರೆ ಸಾಕು. ಮುಂದಿನ ವಾರ ಹಾರೋಕೆ ಶುರು ಮಾಡ್ಬಹುದು ಅವರು."

ಇಷ್ಟೊಂದು ಸಂತೋಷಪಡುವವರ ಎದುರು ನಿಲ್ಲುವುದು ಜಿಗಣೆಗೆ ಯಾವಾಗಲೂ ಕಷ್ಟ.

"ಕ್ಯಾಪ್ಟನ್ ಸರಿಯಾಗಿ ಊಟ ಮಾಡ್ತಾರಾ?"

"ಎಲ್ಲಿ? ಬಿಸಿ ಬೇಡ, ಖಾರ ಬೇಡ, ಹುಳಿ ಬೇಡ. ತಣ್ಣಗಿನ ಹಾಲು, ಅದೂ ಕತ್ತು ವಾರೆ ಮಾಡ್ಕೊಂಡು ಕುಡೀತಾರೆ. ಕಂಬ ಗುದ್ದಿದ್ದು ಹಣೆಗೆ, ಪಥ್ಯ ಮಾತ್ರ ಬಾಯಿಗೆ! ಕೇಳಿದ್ರೆ ಮುಖ ಗಂಟು ಹಾಕ್ಕೋತಾರೆ."

ಜಿಗಣೆ ಮೆಟ್ಟಿಲಿನ ಕಡೆ ನೋಡಿದಳು. ಮೇಲೆ ಯಾರೋ ಅತ್ತಿಂದಿತ್ತ ನಡೆಯುವ ಸದ್ದು ಕೇಳುತ್ತಿತ್ತು.

"ನಾನೊಬ್ಬಳೇ ಹೋಗಿ ಮಾತಾಡ್ಬಹುದಾ?"

"ಹೋಗಿ. ಆದ್ರೆ ಬೈತಾರೆ. ನಿಮ್ಮನ್ನ ಕರೆದಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಳಿಸೋಕೆ ಬಂದವರ ಮೇಲೆ ಯಾಕಿಷ್ಟು ಸಿಟ್ಟೋ ನಾ ಕಾಣೆ."

*

ಕ್ಯಾಪ್ಟನ್ ಕಾಲು ಸುಟ್ಟ ಬೆಕ್ಕಿನಂತೆ ಕೋಣೆಯ ಉದ್ದಗಲ ಅಳೆಯುತ್ತಿದ್ದರು. ಹಣೆಯ ಮೇಲೆ ಹೊಲಿಗೆ, ಎಡಗಣ್ಣಿನ ಸುತ್ತ ಹಳದಿಗೆ ತಿರುಗಿದ ಬಾವು. ಕುರ್ಚಿ ಇತ್ತು, ಮಂಚ ಇತ್ತು, ಯಾವುದರ ಮೇಲೂ ಕೂತ ಹಾಗೆ ಕಾಣಲಿಲ್ಲ. ದೂರದಲ್ಲಿ ವಿಮಾನವೊಂದು ಇಳಿಯುವ ಸದ್ದು ಬಂತು. ಅವರ ಕತ್ತು ಕಿಟಕಿಯ ಕಡೆ ತಾನೇ ತಿರುಗಿತು. ಸಿಕ್ಕಿಬಿದ್ದವರಂತೆ ತಟ್ಟನೆ ಈಚೆ ನೋಡಿದರು.

"ಕೂತ್ಕೊಳ್ಳಿ," ಅಂದರು.

"ನೀವು ಕೂತ್ರೆ ನಾನೂ ಕೂರ್ತೀನಿ."

ಇಬ್ಬರೂ ಕೂರಲಿಲ್ಲ.

"ನಾನು ಕುಡಿದಿದ್ದೆ. ಗುದ್ದಿದೆ. ತಪ್ಪು ನಂದೇ. ಬರ್ಕೊಳ್ಳಿ, ಹೊರಡಿ."

"ಏನು ಕುಡಿದ್ರಿ?"

"ವಿಸ್ಕಿ."

"ನೀರು ಹಾಕ್ಕೊಂಡ್ರಾ, ಸೋಡಾನಾ?"

"ಅದು ಯಾವ ಸೀಮೆ ಪ್ರಶ್ನೆ?"

'ಸೀಮೆ' ಅನ್ನುವಾಗ ಅವರ ನಾಲಿಗೆ ತೊಡರಿತು. ಜಿಗಣೆ ಅದನ್ನು ಗಮನಿಸಿದಳು.

"ಬಾರಿನವನು ನಿಂಬೆ ಸೋಡಾ ಅಂದ."

"ಹೊರಗೆ ಬಂದ ಮೇಲೆ ಕುಡಿದೆ. ಕಾರಲ್ಲಿ."

"ಗುದ್ದೋಕೆ ಮೊದಲಾ, ಆಮೇಲಾ?"

"ಮೊದಲು."

"ರಕ್ತ ಹಾಗೆ ಹೇಳ್ತಿಲ್ಲ ಕ್ಯಾಪ್ಟನ್. ನಾನು ನಾಳೆ ಮಂಡಳಿ ಮುಂದೆ ಬಂದು ಇಷ್ಟನ್ನ ಹೇಳಿದ್ರೆ ನಿಮ್ಮ ಮೇಲಿರೋ ಕುಡಿತದ ಆರೋಪ ಬಿದ್ದುಹೋಗುತ್ತೆ."

"ಬೇಡ." ಅವರು ಎರಡೇ ಹೆಜ್ಜೆಯಲ್ಲಿ ಅವಳ ಹತ್ತಿರ ಬಂದರು. ಎತ್ತರದ ಆಳು, ನಾಲ್ಕು ಜನರಿಗೆ ಅಪ್ಪಣೆ ಕೊಟ್ಟು ರೂಢಿಯಿದ್ದವರು. ಅಂಥವರು ಕೈ ಜೋಡಿಸಿದರು. "ದಯವಿಟ್ಟು ಬೇಡ. ನನ್ನ ಹೆಂಡತಿ ಏನು ಕೊಡ್ತಾಳೋ ಅದರ ಎರಡರಷ್ಟು ನಾನು ಕೊಡ್ತೀನಿ. ಹೇಳ್ಬೇಡಿ."

ತಪ್ಪು ಮಾಡಿಲ್ಲ ಅಂತ ಕೈಮುಗಿಯುವವರನ್ನು ಜಿಗಣೆ ಬೇಕಾದಷ್ಟು ಕಂಡಿದ್ದಳು. ತಪ್ಪು ನನ್ನದೇ ಇರಲಿ ಬಿಡಿ ಅಂತ ಕೈಮುಗಿದವರು ಇವರೊಬ್ಬರೇ. ಅವಳಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದಾಗಲೇ ಅವಳು ಹೆಚ್ಚು ಬಿಗಿಯಾಗಿ ಕಚ್ಚಿ ಹಿಡಿಯುತ್ತಿದ್ದುದು.

"ನಾಲಿಗೆ ತೋರಿಸಿ," ಅಂದಳು.

"ಏನು?"

"ನಾಲಿಗೆ. ಹೊರಗೆ ಚಾಚಿ."

"ನೀವೇನು ಡಾಕ್ಟರಾ?"

"ಅಲ್ಲ. ಡಾಕ್ಟರಾಗಿದ್ರೆ ಆಸ್ಪತ್ರೇಲೇ ನೋಡಿರ್ತಿದ್ದೆ. ಕುಡಿದು ನಾರೋನ ಬಾಯಿ ತೆಗೆಸಿ ನೋಡೋಕೆ ಯಾರಿಗೂ ಮನಸ್ಸು ಬಂದಿರಲ್ಲ, ಅದೇ ನಿಮ್ಮ ಅದೃಷ್ಟ."

ಕ್ಯಾಪ್ಟನ್ ಆಗ ಕೂತರು. ಮಂಚದ ಅಂಚಿನಲ್ಲಿ ಕೂತು, ಏಟು ತಿನ್ನುವ ಹುಡುಗನಂತೆ ಕಣ್ಣು ಮುಚ್ಚಿ ನಾಲಿಗೆ ಚಾಚಿದರು. ಬಲಗಡೆಯ ಅಂಚು ಹಲ್ಲಿನ ಸಾಲಿನಷ್ಟು ಉದ್ದಕ್ಕೆ ಹರಿದು, ಕಪ್ಪುಗಟ್ಟಿ ಊದಿತ್ತು.

"ಗುದ್ದಿದ ಏಟಿಗೆ ನಾಲಿಗೆ ಕಚ್ಚಿಕೊಂಡವರನ್ನ ನೋಡಿದೀನಿ. ಹೆಚ್ಚಾಗಿ ತುದೀಲಿ ಇರುತ್ತೆ ಗಾಯ. ಪಕ್ಕದಲ್ಲಿ ಹೀಗೆ ಅಗಿದ ಹಾಗೆ ಇದ್ರೆ..." ಜಿಗಣೆ ದನಿ ತಗ್ಗಿಸಿದಳು. "ಫಿಟ್ಸ್ ಬಂತು ಅಲ್ವಾ? ಓಡಿಸ್ತಾ ಇರೋವಾಗಲೇ."

ಅವರು ಬಾಯಿ ಮುಚ್ಚಿಕೊಂಡರು. ಕೆಳಗೆ ಪಾತ್ರೆಯ ಸದ್ದಾಯಿತು.

"ಅವಳಿಗೆ ಹೇಳ್ಬೇಡಿ."

"ಅವರು ನೀವು ಮುಂದಿನ ವಾರ ಹಾರ್ತೀರಿ ಅಂತ ಕೂತಿದ್ದಾರೆ."

"ಗೊತ್ತು. ಅದಕ್ಕೇ ಹೇಳ್ಬೇಡಿ." ಕ್ಯಾಪ್ಟನ್ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಕುಡಿದವನು ಅಂದ್ರೆ ನಾಲ್ಕು ಜನ ಉಗೀತಾರೆ. ಉಗಿಸ್ಕೊಂಡು, ಕುಡಿಯೋದು ಬಿಟ್ಟು, ಮತ್ತೆ ಹೋಗಿ ಅದೇ ಸೀಟಲ್ಲಿ ಕೂರ್ಬಹುದು. ಕಾರಣ ಇಲ್ಲದೆ ಪ್ರಜ್ಞೆ ತಪ್ಪಿದವನು ಅಂದ್ರೆ ಯಾರೂ ಉಗಿಯಲ್ಲ. ಅಯ್ಯೋ ಪಾಪ ಅಂತಾರೆ. ಆದ್ರೆ ಬಾಗಿಲು ಹಾಕಿದರೆ ಮತ್ತೆ ತೆಗೆಯಲ್ಲ. ಇಪ್ಪತ್ತರ ವಯಸ್ಸಿಂದ ಇದೊಂದೇ ಕೆಲಸ ಗೊತ್ತು ನನಗೆ. ಮಾನ ಹೋಗ್ಲಿ ಮೇಡಂ, ಪರವಾಗಿಲ್ಲ."

"ಬಾಗಿಲು ತೆಗೀಬಾರದು ಕೂಡ!" ಜಿಗಣೆಗೆ ಸಿಟ್ಟು ನೆತ್ತಿಗೇರಿತು. "ಹಿಂದೆ ಕೂತಿರೋರ ಗತಿ? ಮಕ್ಕಳನ್ನ ತೊಡೆ ಮೇಲೆ ಮಲಗಿಸ್ಕೊಂಡು, ಮುಂದೆ ಯಾರೋ ನೋಡ್ಕೋತಾರೆ ಅಂತ ನಂಬ್ಕೊಂಡು ಕಣ್ಣು ಮುಚ್ಚಿರ್ತಾರೆ. ಕಾರು ಕಂಬಕ್ಕೆ ಗುದ್ದಿತು. ಮೇಲೆ ಕಂಬ ಇರುತ್ತಾ?"

"ಪಕ್ಕದಲ್ಲಿ ಇನ್ನೊಬ್ಬ ಇರ್ತಾನೆ."

ಆ ಮಾತು ತುಂಬ ಬೇಗ ಬಂತು. ಮೊದಲೇ ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡಿದ್ದ ಮಾತಿನ ಹಾಗೆ ಬಂತು. ಜಿಗಣೆ ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು. ಕೂತ ಕೂಡಲೇ ಅವಳ ಬಲಗಾಲು ಎಂದಿನಂತೆ ಕುಣಿಯತೊಡಗಿತು.

"ಇದು ಮೊದಲನೇ ಸಲ ಅಲ್ಲ," ಅಂದಳು.

ಕ್ಯಾಪ್ಟನ್ ಕಿಟಕಿಯಾಚೆಯ ಆಕಾಶದ ಕಡೆ ಬೆರಳು ತೋರಿಸಿದರು.

"ಒಂದೇ ಒಂದು ಸಲ. ಮೇಲೆ. ಆಗ ಹೀಗೆ ಬಿದ್ದು ಒದ್ದಾಡಿದ್ದಲ್ಲ. ಏನೋ ಕವಿದ ಹಾಗಾಯ್ತು. ಕಣ್ಣು ಬಿಟ್ಟೇ ಇತ್ತಂತೆ, ಕೈ ಹಿಡಿದಲ್ಲೇ ಇತ್ತಂತೆ, ನಾನು ಮಾತ್ರ ಇರಲಿಲ್ಲ. ಪಕ್ಕದವನು ಎರಡು ಸಲ ಕರೆದಿದ್ದಾನೆ. ಆಮೇಲೆ ಅವನು ಆ ಮಾತು ಹೇಳಿದ್ದಾನೆ."

"ಯಾವ ಮಾತು?"

"ಐ ಹ್ಯಾವ್ ಕಂಟ್ರೋಲ್." ಅವರ ಬೆನ್ನು ತಾನಾಗಿ ನೆಟ್ಟಗಾಯಿತು. "ನಮ್ಮಲ್ಲಿ ಇಬ್ಬರು ಒಟ್ಟಿಗೆ ವಿಮಾನ ಹಿಡೀಬಾರದು ಮೇಡಂ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗೋವಾಗ ಬಾಯಿ ಬಿಟ್ಟು ಹೇಳ್ಬೇಕು. ಆ ಮಾತು ಕಿವಿಗೆ ಬಿತ್ತು ಅಂದ್ರೆ ಎದುರಿನವನು ಕೈ ತೆಗೀಬೇಕು. ನೀನು ಚಿಕ್ಕವನು, ನಾನು ದೊಡ್ಡವನು ಅಂತೆಲ್ಲ ಇಲ್ಲ. ಯಾಕೆ ಅಂತ ಆಮೇಲೆ ಕೇಳ್ಬೇಕು. ನನಗೆ ಪ್ರಜ್ಞೆ ಬರೋಕೂ ಮೊದಲು ಕೈ ಎತ್ತಿದ್ದೆ ಅಂತ ಅವನು ಆಮೇಲೆ ಹೇಳಿದ. ಅಷ್ಟು ಮೈಗೆ ಹತ್ತಿಬಿಟ್ಟಿರುತ್ತೆ."

"ಆಮೇಲೆ?"

"ಅವನೇ ಇಳಿಸಿದ. ಹೂವಿನ ಹಾಗೆ. ಯಾರಿಗೂ ಹೇಳಲಿಲ್ಲ. ನಾನೇ ಕಾಲು ಹಿಡ್ಕೊಂಡೆ, ಹೇಳ್ಬೇಡಪ್ಪಾ ಅಂತ."

"ಯಾರು ಅವನು?"

"ಅದನ್ನ ಮಾತ್ರ ಹೇಳಲ್ಲ." ಅವರು ತಲೆ ಅಲ್ಲಾಡಿಸಿದರು. "ಕಂಡೂ ಹೇಳದೇ ಇದ್ದಿದ್ದಕ್ಕೆ ಅವನ ಲೈಸೆನ್ಸೂ ಹೋಗುತ್ತೆ. ಒಳ್ಳೆ ಹುಡುಗ. ತಾಯಿ ತಂದೆ ಇಲ್ಲದೆ ಬೆಳೆದವನು."

ಜಿಗಣೆಯ ಕಾಲು ಇನ್ನೂ ಜೋರಾಗಿ ಕುಣಿಯಿತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಬ್ಯಾಗಿನಿಂದ ಕರವಸ್ತ್ರ ತೆಗೆದು, ಮಂಚದ ಪಕ್ಕದ ಮೇಜಿನ ಮೇಲೆ ಬಿಚ್ಚಿ ಇಟ್ಟಳು. ಮುಚ್ಚಳ ಸ್ವಲ್ಪ ಉರುಳಿ ನಿಂತಿತು.

"ಇದು ಪಕ್ಕದ ಸೀಟಿನ ಕೆಳಗೆ ಸಿಕ್ತು. ಬಾಟಲಿ ಎಲ್ಲಿತ್ತು ಗುದ್ದೋ ಮೊದಲು?"

"ಹಿಂದಿನ ಸೀಟಲ್ಲಿ. ನಿವೃತ್ತಿ ಆಗ್ತಿರೋ ಗೆಳೆಯನಿಗೆ ಕೊಡೋಕೆ ಅಂತ ಇಟ್ಟಿದ್ದೆ. ಪೆಟ್ಟಿಗೇಲಿತ್ತು."

"ನೀವು ಬೆಲ್ಟು ಹಾಕ್ಕೊಂಡು ಸ್ಟೇರಿಂಗ್ ಮುಂದೆ. ಪೊಲೀಸ್ನೋರು ಬಂದು ಬಿಚ್ಚಿದ್ದು ಆ ಬೆಲ್ಟನ್ನ. ಹಿಂದಿನ ಸೀಟಿನ ಪೆಟ್ಟಿಗೆ ಹೇಗೆ ತೆಗೆದ್ರಿ?"

"ತೆಗೆದಿರ್ತೀನಿ. ಕೈ ಚಾಚಿ."

"ತೆಗೆದು, ಸೀಲು ಒಡೆದು, ಪೆಟ್ಟಿಗೆಯ ಕಿವಿ ಮಡಿಸಿ ಒಳಗೆ ಸಿಕ್ಕಿಸಿ, ಹ್ಯಾಂಡ್‌ಬ್ರೇಕು ಎಳೆದು, ಬೀಗದ ಕೈ ತೆಗೆದು ಮುಂದೆ ಇಟ್ರಾ? ಫಿಟ್ಸ್ ಬಂದು ಎದ್ದವನಿಗೆ ತನ್ನ ಹೆಸರು ಹೇಳೋಕೆ ಅರ್ಧ ಗಂಟೆ ಬೇಕು ಕ್ಯಾಪ್ಟನ್. ಅಂಥವನಿಗೆ, ಫಿಟ್ಸ್ ಅಂದ್ರೆ ಕೆಲಸ ಹೋಗುತ್ತೆ, ಕುಡಿತ ಅಂದ್ರೆ ಉಳಿಯುತ್ತೆ ಅನ್ನೋ ಲೆಕ್ಕಾಚಾರ ಹೊಳೀತಾ?"

ಕ್ಯಾಪ್ಟನ್ ಮುಚ್ಚಳವನ್ನೇ ದಿಟ್ಟಿಸಿದರು. ಅವರ ಮುಖದ ಬಣ್ಣ ಇಳಿದುಹೋಯಿತು. ಈ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಂಡಿರಲಿಲ್ಲ, ಅಥವಾ ಕೇಳಿಕೊಳ್ಳಲು ಹೆದರಿದ್ದರು.

"ನಾನೇ ಮಾಡಿದ್ದು ಅಂತ ಇದ್ದೆ," ಅಂದರು ಮೆಲ್ಲಗೆ. "ಎಚ್ಚರ ಆದಾಗ ಬಾಟಲಿ ತೊಡೆ ಮೇಲಿತ್ತು. ಪರವಾಗಿಲ್ಲ, ಬುದ್ಧಿ ಓಡಿಸಿದೀನಿ ಅಂತ ಒಳಗೊಳಗೇ ಹೆಮ್ಮೆ ಕೂಡ ಆಯ್ತು."

"ಕಾರಲ್ಲಿ ಇನ್ನೊಬ್ಬರು ಇದ್ರು."

"ನೆನಪಿಲ್ಲ. ಕ್ಲಬ್ಬಿನ ಹೊರಗೆ ಕಾರು ಸ್ಟಾರ್ಟ್ ಮಾಡಿದ್ದು ಗೊತ್ತು. ಅಲ್ಲಿಂದಾಚೆ ಕತ್ತಲೆ."

"ನುಂಗೋಕೆ ಆಗದವನ ಬಾಯಿಗೆ ವಿಸ್ಕಿ ಸುರಿದಿದ್ದಾರೆ. ಶ್ವಾಸಕ್ಕೆ ಹೋಗಿದ್ರೆ ಅಲ್ಲೇ ಸತ್ತಿರ್ತಿದ್ರಿ. ಉಳಿಸೋಕೆ ಮಾಡಿದ್ರೋ, ಮುಗಿಸೋಕೆ ಮಾಡಿದ್ರೋ ನನಗೆ ಗೊತ್ತಾಗ್ತಿಲ್ಲ. ನೆನಪು ಮಾಡ್ಕೊಳ್ಳಿ. ಮುಖ ಬೇಡ. ವಾಸನೆ, ದನಿ, ಏನಾದ್ರೂ."

ಕ್ಯಾಪ್ಟನ್ ಎದ್ದರು. ಕಿಟಕಿಯ ತನಕ ಹೋಗಿ ವಾಪಸ್ ಬಂದರು. ಕಪಾಟಿನ ಹಿಡಿ ಹಿಡಿದು ನಿಂತರು. ಮತ್ತೆ ಬಂದು ಕೂತರು.

"ನಗಬೇಡಿ," ಅಂದರು. "ನಮ್ಮಮ್ಮ ಬಂದಿದ್ಲು."

"ಹೇಳಿ."

"ತೀರಿಹೋಗಿ ಎಷ್ಟೋ ಕಾಲ ಆಯ್ತು ಅವಳು. ಚಿಕ್ಕವನಿದ್ದಾಗ ಬೇಡ ಬೇಡ ಅಂದ್ರೂ ತಲೆ ಹಿಡ್ಕೊಂಡು ಔಷಧಿ ಕುಡಿಸ್ತಿದ್ಲು. ಹಾಗೇ ಯಾರೋ ತಲೆ ಹಿಡ್ಕೊಂಡಿದ್ರು. ಗಂಟಲು ಉರೀತು. ಬೇಡ ಅಂದೆ. ಆಗ ಕಿವಿ ಹತ್ರ ಮೆತ್ತಗೆ..." ಅವರ ಹುಬ್ಬು ಗಂಟಾಯಿತು. "ನೆಗಡಿ ಅಷ್ಟೆ, ಹೋಗುತ್ತೆ. ಕುಡೀರಿ, ನೆಗಡಿ ಅಷ್ಟೆ. ಹಾಗೆ ಹೇಳಿದ ಹಾಗಿತ್ತು. ನನಗೆ ನೆಗಡಿಯೇ ಇರಲಿಲ್ಲ ಮೇಡಂ. ಅದಕ್ಕೇ ಅಮ್ಮನ ಕನಸು ಅಂದ್ಕೊಂಡೆ."

ಜಿಗಣೆಯ ಕಾಲು ಕುಣಿಯುವುದನ್ನು ನಿಲ್ಲಿಸಿತು.

ಜಗತ್ತಿನಲ್ಲಿ ನೆಗಡಿ ಅನ್ನುವವರು ಸಾವಿರ ಜನ ಇರಬಹುದು, ಕನಸಿನಲ್ಲಿ ಏನು ಬೇಕಾದರೂ ಕೇಳಿಸಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಇಷ್ಟು ವರ್ಷ ಬೇರೆಯವರು ಹೇಳುವ ಇಂಥ ಸಮಾಧಾನಗಳನ್ನು ಸಲೀಸಾಗಿ ಕಿತ್ತುಹಾಕಿದವಳು ಇವತ್ತು ತಾನೇ ಒಂದನ್ನು ಹಿಡಿದು ಜೋತುಬಿದ್ದಿದ್ದಳು. ದೂರದಿಂದ ನಮಸ್ಕಾರ ಅಷ್ಟೆ, ಜೊತೆಗೆ ಹಾರಿಲ್ಲ. ಇಸ್ತ್ರಿಯ ಸದ್ದು ಯಾಕೆ ನಿಂತಿತ್ತು ಆಗ?

"ಏನಾಯ್ತು?" ಅಂದರು ಕ್ಯಾಪ್ಟನ್. "ನಿಮಗೆ ಗೊತ್ತಾಯ್ತಾ ಯಾರು ಅಂತ?"

"ಇಲ್ಲ," ಅಂದಳು ಜಿಗಣೆ. ಆ ದಿನದ ಎರಡನೇ ಸುಳ್ಳು. ಇದು ಕಸುಬಿನ ಅಭ್ಯಾಸದ್ದಲ್ಲ.

ಈಗ ಬಾಯಿ ಬಿಟ್ಟರೆ ಪುಟ್ಟ ಹೋಗುತ್ತಾನೆ. ಅವನನ್ನು ಆ ಸೀಟಿನಲ್ಲಿ ಕೂರಿಸಲು ಅವಳು ಮದುವೆ ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು. ಬಾಯಿ ಬಿಡದಿದ್ದರೆ ಇವತ್ತಲ್ಲ ನಾಳೆ ಈ ಮನುಷ್ಯ ಮತ್ತೆ ಹೋಗಿ ನೂರಾರು ಜನರ ಮುಂದೆ ಕೂರುತ್ತಾರೆ. ಎರಡರಲ್ಲಿ ಯಾವುದನ್ನೂ ನುಂಗಲು ಅವಳಿಂದಾಗಲಿಲ್ಲ.

ಕೆಳಗೆ ಕರೆಗಂಟೆ ಮೊಳಗಿತು. ಬಾಗಿಲು ತೆರೆದ ಸದ್ದು. ಹೆಂಡತಿಯ ದನಿ ಮೆಟ್ಟಿಲೇರಿ ಬಂತು.

"ಬಾಪ್ಪಾ, ಬಾ! ಎಷ್ಟು ದಿನ ಆಯ್ತು ನಿನ್ನ ಮುಖ ನೋಡಿ. ಪಕ್ಕದಲ್ಲಿ ಕೂತು ಹಾರುವಾಗ ಮಾತ್ರ ನೆನಪಿಡೋದಾ ನೀನು? ಮೇಲಿದ್ದಾರೆ, ಹೋಗು. ಯಾರೋ ಮೇಡಂ ಇದ್ದಾರೆ, ಪರವಾಗಿಲ್ಲ."

ಮೆಟ್ಟಿಲ ಮೇಲೆ ಹೆಜ್ಜೆಗಳು ಬಂದವು. ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ, ಕೊನೆಯದನ್ನು ಮಾತ್ರ ಒಂಟಿಯಾಗಿ ತುಳಿಯುವ ಹೆಜ್ಜೆ. ಹಾಗೆ ಹತ್ತಬೇಡವೋ, ಬಿದ್ದು ಹಲ್ಲು ಮುರಿದುಕೊಳ್ಳುತ್ತೀಯ ಅಂತ ಜಿಗಣೆ ಅವನ ಬಾಲ್ಯವಿಡೀ ಬೈದಿದ್ದಳು.

ಬಾಗಿಲಲ್ಲಿ ಪುಟ್ಟ ನಿಂತಿದ್ದ. ಬಿಳಿ ಅಂಗಿಯ ಇಸ್ತ್ರಿಯ ಮಡಿಕೆಗಳು ಇನ್ನೂ ಚೂಪಾಗಿದ್ದವು.

ಅಕ್ಕನನ್ನು ಕಂಡು ಅವನಿಗೆ ಆಶ್ಚರ್ಯವಾಗಲಿಲ್ಲ. ಒಮ್ಮೆ ನೋಡಿ, ಕಣ್ಣು ತಪ್ಪಿಸಿ, ಕ್ಯಾಪ್ಟನ್ ಕಡೆ ತಿರುಗಿದ.

"ನೀನಾ?" ಅಂದರು ಕ್ಯಾಪ್ಟನ್. ಅವರ ದೃಷ್ಟಿ ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಅಕ್ಕನಿಗೆ ಓಡಾಡಿತು. ಮೂಗು, ಹಣೆ, ನಿಲ್ಲುವ ರೀತಿ. "ಮೇಡಂ, ಇವನೇ ಅವತ್ತು..."

"ಐ ಹ್ಯಾವ್ ಕಂಟ್ರೋಲ್, ಸರ್," ಅಂದ ಪುಟ್ಟ.

ಮೇಜಿನ ಅಂಚು ಹಿಡಿದಿದ್ದ ಕ್ಯಾಪ್ಟನ್‌ರ ಎರಡೂ ಕೈಗಳು ಮೇಲೆದ್ದವು. ಮಾತು ಅರ್ಧಕ್ಕೇ ನಿಂತಿತು.

ಪುಟ್ಟ ಬಾಗಿಲು ಮುಚ್ಚಿ ಚಿಲಕ ಹಾಕಿದ. ಜಿಗಣೆ ಕುರ್ಚಿಯಿಂದ ಎದ್ದು ಮೇಜಿಗೆ ಬಗ್ಗಿ, ಕರವಸ್ತ್ರದ ಸಮೇತ ಮುಚ್ಚಳವನ್ನು ಮುಷ್ಟಿಯೊಳಗೆ ಸೇರಿಸಿಕೊಂಡಳು. ಅವನು ಅದನ್ನು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

"ಮುಚ್ಚಳ ಕೊಡು ಅಕ್ಕ," ಅಂದು ಅಂಗೈ ಚಾಚಿದ.

ಸೀಟಿನ ಕೆಳಗೆ ಬರೀ ಧೂಳು ಅಂತ ಬೆಳಗ್ಗೆ ಅವಳು ಅವನಿಗೆ ಹೇಳಿದ್ದಳು, ಮುಚ್ಚಳದ ಮಾತೇ ಎತ್ತಿರಲಿಲ್ಲ.